ನಿನ್ನೆಯ ದನಿ, ಇಂದಿನ ಉತ್ತರ: ಧ್ವನಿಮುದ್ರಿತ ಭವಿಷ್ಯವಾಣಿಯನ್ನು ಕಟ್ಟುವ ಬಗೆ

ವೇದಿಕೆಯ ಮೇಲೆ ಒಂದು ಮೇಜು, ಅದರ ಮೇಲೆ ಮೂರು ಪುಸ್ತಕ. ಸಭೆಯಲ್ಲಿ ಕುಳಿತ ಮೂವರು ತಮಗೆ ತೋಚಿದ ಒಂದೊಂದು ಅಂಕೆ ಹೇಳುತ್ತಾರೆ. ನಾಲ್ಕನೆಯವರು ಪುಸ್ತಕವೊಂದನ್ನು ಆರಿಸಿಕೊಳ್ಳುತ್ತಾರೆ. ಅಂಕೆಗಳನ್ನು ಕೂಡಿ ಕಳೆದು ಬಂದ ಸಂಖ್ಯೆ ತೋರಿಸುವ ಪುಟ ತೆರೆದು, ಅಲ್ಲಿನ ಒಂದು ಪದವನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಾರೆ. ಆಗ ಜಾದೂಗಾರ ತುಟಿ ಬಿಚ್ಚದೆ ನಿಂತಿರುವಂತೆಯೇ ಧ್ವನಿವರ್ಧಕದಿಂದ ಅವನದೇ ದನಿ ಹೊರಡುತ್ತದೆ. ಅದು ನಿನ್ನೆ ರಾತ್ರಿ ಮುದ್ರಿಸಿದ ದನಿ. ಸಂಖ್ಯೆ ಇಂಥದ್ದು, ಪುಟ ಇಂಥದ್ದು, ಪದ ಇಂಥದ್ದು ಎಂದು ಅದು ಒಂದೊಂದಾಗಿ ಹೇಳಿಬಿಡುತ್ತದೆ.

ಮನಸ್ಸನ್ನು ಓದಿದಂತೆ, ಮುಂದಾಗುವುದನ್ನು ಕಂಡಂತೆ ತೋರಿಸುವ ಜಾದೂವಿನ ಶಾಖೆಗೆ ಮೆಂಟಲಿಸಂ ಎಂದು ಹೆಸರು. ಭವಿಷ್ಯವಾಣಿ ಅದರ ಅತಿ ಹಳೆಯ, ಅತಿ ಜನಪ್ರಿಯ ಬಗೆಗಳಲ್ಲೊಂದು. ಇಂಥ ಆಟವೊಂದನ್ನು ಧ್ವನಿಮುದ್ರಣ ಬಳಸಿ ಹೇಗೆ ಕಟ್ಟಬಹುದು, ಅದು ಏಕೆ ಕೆಲಸ ಮಾಡುತ್ತದೆ ಎಂಬುದು ಈ ಅಧ್ಯಾಯದ ವಿಷಯ. ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು: ಭವಿಷ್ಯವಾಣಿಯ ಆಟದಲ್ಲಿ ಜಾದೂಗಾರ ಭವಿಷ್ಯವನ್ನು ತಿಳಿದಿರುವುದಿಲ್ಲ. ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ನಡೆಯಿತು ಎಂಬ ನಮ್ಮ ಲೆಕ್ಕವನ್ನು ಅವನು ತನಗೆ ಬೇಕಾದಂತೆ ಜೋಡಿಸಿರುತ್ತಾನೆ. ಇದನ್ನು ಅರಿತವರಿಗೆ ಆಟ ಕಟ್ಟುವುದೂ ತಿಳಿಯುತ್ತದೆ, ಮೋಸ ಹೋಗದಿರುವುದೂ ತಿಳಿಯುತ್ತದೆ.

ಚೀಟಿಯಿಂದ ದನಿಗೆ

ಮೊದಲು ಭವಿಷ್ಯವಾಣಿ ಎಂದರೆ ಬರಹ. ಮುಚ್ಚಿದ ಲಕೋಟೆ, ಮಡಿಸಿದ ಚೀಟಿ, ಕಟ್ಟಿಟ್ಟ ಸ್ಲೇಟು. ಅಮೆರಿಕದ ಥಿಯೊಡೋರ್ ಆನಿಮನ್ 1934ರಿಂದ 1941ರವರೆಗೆ ನಡೆಸಿದ 'ದ ಜಿಂಕ್ಸ್' ಪತ್ರಿಕೆಯಲ್ಲಿ ಇಂಥ ಆಟಗಳು ಸಾಲುಸಾಲಾಗಿ ಬಂದವು. ಇಂಗ್ಲೆಂಡಿನ ಟೋನಿ ಕೊರಿಂಡಾ ಬರೆದ 'ಥರ್ಟೀನ್ ಸ್ಟೆಪ್ಸ್ ಟು ಮೆಂಟಲಿಸಂ' ಇಂದಿಗೂ ಈ ವಿದ್ಯೆಯ ಪಠ್ಯಪುಸ್ತಕದಂತಿದೆ. ಅದು ಮೊದಲು ಬೆಳಕು ಕಂಡದ್ದೂ ಹದಿಮೂರು ಕಿರುಹೊತ್ತಿಗೆಗಳಾಗಿಯೇ. ಅದರಲ್ಲಿ ಒಂದು ಇಡೀ ಹೊತ್ತಿಗೆ ಭವಿಷ್ಯವಾಣಿಗೆ ಮೀಸಲು. ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಕದ್ದು ಬರೆಯುವ ಪುಟ್ಟ ಸೀಸದ ಸಾಧನದ ಬಗ್ಗೆಯೂ ಒಂದು ಹೊತ್ತಿಗೆ ಇದೆ.

ಚೀಟಿಯ ತೊಂದರೆ ಅಲ್ಲೇ ಇದೆ. ಆಮೇಲೆ ಬರೆದಿರಬಹುದು, ಚೀಟಿಯನ್ನೇ ಬದಲಿಸಿರಬಹುದು ಎಂಬ ಅನುಮಾನ ಮಕ್ಕಳಿಗೂ ಬರುತ್ತದೆ. ದನಿಯ ವಿಷಯದಲ್ಲಿ ಆ ಅನುಮಾನ ಅಷ್ಟು ಬೇಗ ಹುಟ್ಟುವುದಿಲ್ಲ. ಎಡಿಸನ್ 1877ರಲ್ಲಿ ಫೋನೋಗ್ರಾಫ್ ತಯಾರಿಸಿದ ಕಾಲದಿಂದಲೂ ಮುದ್ರಿತ ದನಿಯನ್ನು ನಾವು ನಡೆದುಹೋದ ಕ್ಷಣದ ಸಾಕ್ಷಿಯಾಗಿ ಕೇಳುತ್ತ ಬಂದಿದ್ದೇವೆ. ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ಟನ್ನು ತಂದ ಮೇಲೆ ಧ್ವನಿಮುದ್ರಣ ಜೇಬಿಗೆ ಹಿಡಿಯುವ ವಸ್ತುವಾಯಿತು. ಈಗ ಪ್ರತಿಯೊಬ್ಬರ ಮೊಬೈಲಿನಲ್ಲೂ ರೆಕಾರ್ಡರ್ ಇದೆ.

ದನಿಗೆ ಇನ್ನೊಂದು ಬಲವೂ ಉಂಟು. ಚೀಟಿ ಬಿಚ್ಚಿದೊಡನೆ ಎಲ್ಲ ಅಕ್ಷರಗಳೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ದನಿ ಹಾಗಲ್ಲ, ಅದು ಹೊತ್ತಿನೊಂದಿಗೆ ನಡೆಯುತ್ತದೆ. ಮೊದಲ ಅಂಶ ಸರಿಯಾಗುತ್ತದೆ, ಸಭೆ ಗುಜುಗುಡುತ್ತದೆ, ಎರಡನೆಯದೂ ಸರಿಯಾಗುತ್ತದೆ, ಮೂರನೆಯದಕ್ಕೆ ಎಲ್ಲರೂ ಉಸಿರು ಹಿಡಿಯುತ್ತಾರೆ. ನಾಟಕಕ್ಕೆ ಬೇಕಾದ ಏರುಗತಿ ತಾನಾಗಿಯೇ ಒದಗುತ್ತದೆ.

ಮೂರು ದಾರಿಗಳು

ಭವಿಷ್ಯವಾಣಿಯ ಆಟ ಯಾವುದೇ ಇರಲಿ, ಅದರ ಅಡಿಪಾಯದಲ್ಲಿ ಸಾಮಾನ್ಯವಾಗಿ ಈ ಮೂರು ದಾರಿಗಳಲ್ಲೊಂದು ಇರುತ್ತದೆ, ಇಲ್ಲವೇ ಎರಡು ಮೂರು ಸೇರಿಕೊಂಡಿರುತ್ತವೆ.

ಮೊದಲನೆಯದು, ಉತ್ತರ ಒಂದೇ ಆಗುವಂತೆ ಮಾಡುವುದು. ಜಾದೂಗಾರರು ಇದನ್ನು ಫೋರ್ಸ್ ಎನ್ನುತ್ತಾರೆ. ಪ್ರೇಕ್ಷಕರಿಗೆ ತಾವೇ ಆರಿಸಿದೆವು ಎನಿಸುತ್ತದೆ, ಆದರೆ ಎಲ್ಲ ಹಾದಿಗಳೂ ಒಂದೇ ಕಡೆ ಬಂದು ಸೇರುತ್ತವೆ. ಇಲ್ಲಿ ರೆಕಾರ್ಡಿಂಗ್ ನಿಜವಾಗಿಯೂ ನಿನ್ನೆಯದೇ. ಅದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.

ಎರಡನೆಯದು, ಉತ್ತರಗಳು ಹಲವಿದ್ದರೆ ಅಷ್ಟಕ್ಕೂ ಒಂದೊಂದು ದನಿ ಸಿದ್ಧವಿಟ್ಟು, ಸರಿಯಾದುದನ್ನು ಮಾತ್ರ ಹೊರತೆಗೆಯುವುದು. ಇಲ್ಲಿಯೂ ಪ್ರತಿ ರೆಕಾರ್ಡಿಂಗ್ ನಿನ್ನೆಯದೇ. ಉಳಿದವು ಇದ್ದವು ಎಂಬ ಸಂಗತಿಯಷ್ಟೇ ಗುಟ್ಟು.

ಮೂರನೆಯದು, ಉತ್ತರ ತಿಳಿದ ಮೇಲೆ ದನಿಯನ್ನು ಜೋಡಿಸುವುದು. ರೈಲು ನಿಲ್ದಾಣದ ಪ್ರಕಟಣೆಗಳಲ್ಲಿ ಗಾಡಿಯ ಸಂಖ್ಯೆ, ಊರಿನ ಹೆಸರು, ಪ್ಲಾಟ್‌ಫಾರಂ ಎಲ್ಲವೂ ಬೇರೆ ಬೇರೆಯಾಗಿ ಮುದ್ರಿಸಿ ಆಮೇಲೆ ಪೋಣಿಸಿದ ತುಣುಕುಗಳಾಗಿರುತ್ತವೆ. ಪರದೆಯ ಹಿಂದಿನ ಸಹಾಯಕನೊಬ್ಬ ಇದೇ ಕೆಲಸವನ್ನು ಕೆಲವೇ ಕ್ಷಣಗಳಲ್ಲಿ ಮಾಡಬಲ್ಲ. ಆದರೆ ಬೆಸುಗೆ ಕಿವಿಗೆ ತಿಳಿಯಬಾರದು. ವಾಕ್ಯದ ನಡುವೆ ಬರುವ 'ಮೂರು' ಮತ್ತು ವಾಕ್ಯದ ಕೊನೆಗೆ ಬರುವ 'ಮೂರು' ಒಂದೇ ಏರಿಳಿತದಲ್ಲಿ ಇರುವುದಿಲ್ಲ. ಆದ್ದರಿಂದ ಪ್ರತಿ ಅಂಕೆಯನ್ನೂ ಎರಡು ಬಗೆಯಲ್ಲಿ ಮುದ್ರಿಸಿಕೊಳ್ಳಬೇಕು. ಕನ್ನಡದಲ್ಲಿ ಇನ್ನೊಂದು ತೊಡಕು ಸೇರುತ್ತದೆ. ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ 'ಮೂರನ್ನು', 'ಮೂರಕ್ಕೆ', 'ಮೂರನೇ' ಎಲ್ಲವೂ ಬೇರೆ ಬೇರೆ ತುಣುಕುಗಳಾಗಿಬಿಡುತ್ತವೆ. ಹಾಗಾಗಿ "ನೀವು ಆರಿಸಿದ ಸಂಖ್ಯೆ... ಮೂರು" ಎಂಬಂತೆ ಪದ ಬರಿದಾಗಿ ನಿಲ್ಲುವ ವಾಕ್ಯಗಳನ್ನೇ ರಚಿಸಿಕೊಳ್ಳಬೇಕು.

ಹೊಸಬರಿಗೆ ಮೂರನೆಯ ದಾರಿ ಬೇಡ. ಅದು ಯಂತ್ರವನ್ನೂ ಸಹಾಯಕನನ್ನೂ ನೆಚ್ಚಿಕೊಂಡಿದೆ. ಮೊದಲೆರಡು ದಾರಿಗಳನ್ನು ಸೇರಿಸಿದರೆ ಗಟ್ಟಿಯಾದ ಆಟವೇ ಸಿಗುತ್ತದೆ.

ಮಾಡಿ ನೋಡಿ: ಮೂರು ಅಂಕೆ, ಮೂರು ಪುಸ್ತಕ

ಆರಂಭದಲ್ಲಿ ವರ್ಣಿಸಿದ ಆಟವನ್ನೇ ಈಗ ಕಟ್ಟೋಣ. ಇದರ ಎಲುಬು ಗಣಿತದ ಒಂದು ಹಳೆಯ ಸೊಗಸು.

ಮೂವರಿಂದ ಬೇರೆ ಬೇರೆಯಾದ ಮೂರು ಅಂಕೆ ಪಡೆಯಿರಿ. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಮೂರಂಕಿಯ ಸಂಖ್ಯೆ ಮಾಡಿ. 2, 7, 5 ಬಂದರೆ 752. ಅದನ್ನು ತಿರುಗಿಸಿದರೆ 257. ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಿರಿ: 495. ಈ ಉತ್ತರವನ್ನು ಮತ್ತೆ ತಿರುಗಿಸಿ, ಕೂಡಿಸಿ: 495 + 594 = 1089. ಈಗ 8, 1, 3 ತೆಗೆದುಕೊಳ್ಳಿ. 831 − 138 = 693. 693 + 396 = 1089. ಯಾವ ಮೂರು ಅಂಕೆ ಬಂದರೂ ಕೊನೆಗೆ ನಿಲ್ಲುವುದು 1089ರಲ್ಲೇ.

ಕಾರಣ ಸರಳ. ಮೂರಂಕಿಯ ಸಂಖ್ಯೆಯಿಂದ ಅದರ ತಿರುಗುಮುರುಗನ್ನು ಕಳೆದರೆ ನಡುವಿನ ಅಂಕೆ ಹಾರಿಹೋಗಿ, ಮೊದಲ ಮತ್ತು ಕೊನೆಯ ಅಂಕೆಗಳ ವ್ಯತ್ಯಾಸದ 99 ಪಟ್ಟು ಉಳಿಯುತ್ತದೆ. 198, 297, 396 ಎಂದು 891ರವರೆಗಿನ ಈ ಸಂಖ್ಯೆಗಳನ್ನು ಗಮನಿಸಿ. ಎಲ್ಲದರಲ್ಲೂ ನಡುವೆ 9 ಇದೆ, ಮೊದಲ ಮತ್ತು ಕೊನೆಯ ಅಂಕೆ ಕೂಡಿದರೂ 9. ತಿರುಗಿಸಿ ಕೂಡಿಸಿದಾಗ ನೂರರ ಸ್ಥಾನದಲ್ಲಿ 9, ಹತ್ತರ ಸ್ಥಾನದಲ್ಲಿ 18, ಬಿಡಿ ಸ್ಥಾನದಲ್ಲಿ 9 ಸಿಗುತ್ತದೆ. 900 + 180 + 9 ಎಂದರೆ 1089.

ಅಂಕೆಗಳನ್ನು ಇಳಿಕೆಯ ಕ್ರಮದಲ್ಲಿ ಜೋಡಿಸುವುದರಲ್ಲಿ ಒಂದು ಜಾಣತನವಿದೆ. ಮೊದಲ ಮತ್ತು ಕೊನೆಯ ಅಂಕೆಗಳ ವ್ಯತ್ಯಾಸ ಬರೀ 1 ಆಗಿದ್ದರೆ ಕಳೆದಾಗ 99 ಬಂದು, ಲೆಕ್ಕ ಮಾಡುವವರು ಗಲಿಬಿಲಿಗೊಳ್ಳುತ್ತಾರೆ. ಮೂರೂ ಅಂಕೆ ಬೇರೆ ಬೇರೆ ಇದ್ದು ಇಳಿಕೆಯ ಕ್ರಮದಲ್ಲಿದ್ದರೆ ಆ ವ್ಯತ್ಯಾಸ ಎರಡಕ್ಕಿಂತ ಕಡಿಮೆಯಾಗಲು ಸಾಧ್ಯವೇ ಇಲ್ಲ. ವಿಶೇಷ ನಿಯಮ ಹೇಳುವ ಅಗತ್ಯ ತಪ್ಪುತ್ತದೆ, ಸಭೆಗೆ ಅನುಮಾನವೂ ಬರುವುದಿಲ್ಲ.

1089 ಎಂದು ಹಾಗೆಯೇ ಘೋಷಿಸಿದರೆ ಅದು ಶಾಲೆಯ ಲೆಕ್ಕದಂತೆ ಕಾಣುತ್ತದೆ. ಅದನ್ನು ಪದವಾಗಿ ಬದಲಿಸಬೇಕು. ಮೊದಲ ಮೂರು ಅಂಕೆ ಪುಟ, ಕೊನೆಯದು ಸಾಲು: 108ನೇ ಪುಟ, 9ನೇ ಸಾಲು, ಮೊದಲ ಪದ. ಮನೆಯ ಪುಸ್ತಕಗಳನ್ನೆಲ್ಲ ತೆರೆದು ಆ ಜಾಗದಲ್ಲಿ ಏನಿದೆ ನೋಡಿ. 'ಆದರೆ', 'ಎಂದು', 'ಅವನು' ಇದ್ದರೆ ಆ ಪುಸ್ತಕ ಬೇಡ. 'ನದಿ', 'ಆನೆ', 'ಬೆಂಕಿ' ಹೀಗೆ ಕಣ್ಣಿಗೆ ಕಟ್ಟುವ ಪದ ಇರುವ ಮೂರು ಪುಸ್ತಕ ಆರಿಸಿಕೊಳ್ಳಿ. ಆ ಪುಟದ ತಲೆಯಲ್ಲಿ ಶೀರ್ಷಿಕೆ ಇರಕೂಡದು, ಸಾಲು ಎಣಿಸುವಾಗ ಗೊಂದಲವಾಗುತ್ತದೆ.

ಇಲ್ಲಿಂದ ಎರಡನೆಯ ದಾರಿ ಶುರು. ಪುಸ್ತಕದ ಆಯ್ಕೆ ನಿಜಕ್ಕೂ ಮುಕ್ತ, ಆದ್ದರಿಂದ ಮೂರು ರೆಕಾರ್ಡಿಂಗ್ ಬೇಕು. ಒಂದು ನಿಮ್ಮ ಮೊಬೈಲಿನಲ್ಲಿರಲಿ. ಇನ್ನೊಂದನ್ನು ಹಿಂದಿನ ರಾತ್ರಿಯೇ ವಾಟ್ಸ್ಆ್ಯಪ್‌ನಲ್ಲಿ ಗುಟ್ಟು ಕಾಯುವ ನಿರೂಪಕರಿಗೆ ಕಳುಹಿಸಿ. ಮೂರನೆಯದು ಧ್ವನಿವ್ಯವಸ್ಥೆ ನೋಡಿಕೊಳ್ಳುವವರ ಲ್ಯಾಪ್‌ಟಾಪಿನಲ್ಲಿರಲಿ. ಆಟ ಶುರುವಾಗುವಾಗ "ನಿನ್ನೆಯೇ ಒಂದು ಮಾತು ಹೇಳಿಟ್ಟಿದ್ದೇನೆ" ಎಂದಷ್ಟೇ ಹೇಳಿ. ಎಲ್ಲಿ ಎಂದು ಹೇಳಬೇಡಿ. ಪುಸ್ತಕ ಗೊತ್ತಾದ ಮೇಲೆ ಅದಕ್ಕೆ ಸಂಬಂಧಿಸಿದ ಜಾಗವನ್ನು ಮಾತ್ರ ಬಯಲು ಮಾಡಿ. ಎರಡನೆಯ ಪುಸ್ತಕ ಬಂದರೆ ನಿರೂಪಕರು ತಮ್ಮ ಮೊಬೈಲಿನಲ್ಲಿ ನಿನ್ನೆಯ ದಿನಾಂಕ, ಸಮಯ ಎರಡನ್ನೂ ಸಭೆಗೆ ತೋರಿಸಬಹುದು. ಅದರಲ್ಲಿ ಸುಳ್ಳೇನೂ ಇಲ್ಲ.

ಲೆಕ್ಕವನ್ನು ಒಬ್ಬರಿಗೇ ಬಿಡಬೇಡಿ. ಒಬ್ಬರು ಬೋರ್ಡಿನ ಮೇಲೆ ಬರೆಯಲಿ, ಇನ್ನೊಬ್ಬರು ಕ್ಯಾಲ್ಕುಲೇಟರಿನಲ್ಲಿ ತಾಳೆ ನೋಡಲಿ. ಒಂದು ಅಂಕೆ ತಪ್ಪಿದರೂ ಆಟ ಕುಸಿಯುತ್ತದೆ. ಒಂದೇ ಸಭೆಯ ಮುಂದೆ ಎರಡನೆಯ ಸಲ ಮಾಡಲೇಬಾರದು, ಮತ್ತೆ 1089 ಬಂದರೆ ಗುಟ್ಟು ಬಯಲಾಗುತ್ತದೆ.

ದನಿಗೆ ಮಾತು ಬರೆಯುವುದು

ಇಷ್ಟರಿಂದ ಯುಕ್ತಿ ಸಿದ್ಧವಾಯಿತು, ಆಟ ಇನ್ನೂ ಸಿದ್ಧವಾಗಿಲ್ಲ. ರೆಕಾರ್ಡಿಂಗಿನಲ್ಲಿ ಬರುವ ಮಾತೇ ಪ್ರೇಕ್ಷಕರು ಮನೆಗೆ ಕೊಂಡೊಯ್ಯುವುದು. ಅದಕ್ಕೆ ಸಿಗಬೇಕಾದ ಶ್ರಮ ಹಲವು ಸಲ ಸಿಗುವುದಿಲ್ಲ.

ಮಾತು ಆಡುಗನ್ನಡದಲ್ಲಿರಲಿ. ಓದಿದಂತೆ ಕೇಳಿಸಿದರೆ ದನಿ ಜೀವ ಕಳೆದುಕೊಳ್ಳುತ್ತದೆ. ಒಂದು ಮಾದರಿ:

"ನಮಸ್ಕಾರ. ಈಗ ರಾತ್ರಿ ಒಂಬತ್ತೂವರೆ. ಮನೆಯಲ್ಲಿ ಕೂತು ಇದನ್ನ ರೆಕಾರ್ಡ್ ಮಾಡ್ತಿದ್ದೀನಿ. ನೀವು ಇದನ್ನ ಕೇಳೋ ಹೊತ್ತಿಗೆ ಮೂರು ಜನ ಮೂರು ಅಂಕೆ ಹೇಳಿರ್ತೀರಿ. ಆ ಅಂಕೆಗಳು ಈಗ ನನಗೆ ಗೊತ್ತಿಲ್ಲ. ಆದ್ರೆ ಕೊನೆಗೆ ಬೋರ್ಡ್ ಮೇಲೆ ಉಳಿಯೋದು... ಸಾವಿರದ ಎಂಬತ್ತೊಂಬತ್ತು. ಈಗ ಪುಸ್ತಕ ಹಿಡಿದಿರೋರು ದಯವಿಟ್ಟು ಎದ್ದು ನಿಲ್ಲಿ... ನಿಮ್ಮ ಮನಸ್ಸಲ್ಲಿರೋದು ಮನುಷ್ಯ ಅಲ್ಲ, ಪ್ರಾಣಿ ಅಲ್ಲ. ಅದು ನಿಂತಲ್ಲಿ ನಿಲ್ಲಲ್ಲ. ಅದಕ್ಕೆ ಎರಡು ದಡ ಇದೆ... ನದಿ."

ಇಲ್ಲಿ ಸಾಮಾನ್ಯವಾದದ್ದರಿಂದ ಖಚಿತವಾದದ್ದಕ್ಕೆ ಇಳಿಯುವ ಕ್ರಮವನ್ನು ನೋಡಿ. ಹೆಸರು ಕೊನೆಯ ಪದವಾಗಿಯೇ ಬರಬೇಕು. ಅದರ ನಂತರ ಒಂದು ಮಾತೂ ಇರಕೂಡದು, ಚಪ್ಪಾಳೆಯಲ್ಲಿ ಮುಳುಗಿಹೋಗುತ್ತದೆ. ಚುಕ್ಕೆಗಳಿರುವ ಕಡೆ ಬಿಡುವು ಬೇಕು, ಆದರೆ ಎಷ್ಟು ಎಂಬುದು ಮನೆಯ ಕೋಣೆಯಲ್ಲಿ ತಿಳಿಯುವುದಿಲ್ಲ. ದೊಡ್ಡ ಸಭೆ ತಡವಾಗಿ ಸುಮ್ಮನಾಗುತ್ತದೆ. ತಾಲೀಮಿನಲ್ಲಿ ನಾಲ್ಕಾರು ಜನರ ಮುಂದೆ ಹಾಕಿ, ಅವರು ಮಾತಾಡಿ ನಿಲ್ಲಿಸುವಷ್ಟು ಹೊತ್ತನ್ನು ಅಳೆದು ಮತ್ತೆ ಮುದ್ರಿಸಿ.

ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 1948ರಲ್ಲಿ ಮಾಡಿದ ಪ್ರಯೋಗ ಇಲ್ಲಿ ನೆನಪಿಗೆ ಬರಬೇಕು. ತಮ್ಮ 39 ವಿದ್ಯಾರ್ಥಿಗಳಿಗೆ ಇದು ನಿಮ್ಮದೇ ವ್ಯಕ್ತಿತ್ವದ ವಿವರಣೆ ಎಂದು ಹೇಳಿ, ಎಲ್ಲರಿಗೂ ಒಂದೇ ಬರಹವನ್ನು ಕೊಟ್ಟರು. ಅದು ಎಷ್ಟು ನಿಖರ ಎಂದು 5ಕ್ಕೆ ಅಂಕ ಕೊಡಿ ಎಂದಾಗ ಬಂದ ಸರಾಸರಿ ಸುಮಾರು 4.26. ಎಲ್ಲರಿಗೂ ಹೊಂದುವ ಮಾತನ್ನು ಪ್ರತಿಯೊಬ್ಬರೂ ತಮ್ಮದೇ ಎಂದುಕೊಂಡರು. "ನೀವು ಮೊದಲು ಬೇರೆ ಪುಸ್ತಕದ ಕಡೆ ನೋಡಿದಿರಿ, ಆಮೇಲೆ ಮನಸ್ಸು ಬದಲಿಸಿದಿರಿ" ಎಂದು ನಿನ್ನೆಯ ದನಿ ಹೇಳಿದರೆ ಎಷ್ಟೋ ಮಂದಿ ಹೌದೆಂದು ತಲೆಯಾಡಿಸುತ್ತಾರೆ. ಮೂರು ಪುಸ್ತಕ ಮುಂದಿಟ್ಟರೆ ಯಾರು ತಾನೆ ಒಂದನ್ನೇ ನೋಡುತ್ತಾರೆ?

ತಾಂತ್ರಿಕವಾಗಿ ಗಮನಿಸಬೇಕಾದ್ದು ಸ್ವಲ್ಪವೇ. ಫ್ಯಾನ್ ಆರಿಸಿ, ಮೈಕಿಗೆ ಹತ್ತಿರ ಕುಳಿತು, ಮಾಮೂಲಿಗಿಂತ ನಿಧಾನವಾಗಿ ಮಾತಾಡಿ. ಸಭಾಂಗಣದ ಪ್ರತಿಧ್ವನಿ ಬಿರುಸು ಮಾತನ್ನು ಕಲಸಿಬಿಡುತ್ತದೆ. ಆಟದ ಹೊತ್ತಿಗೆ ಮೊಬೈಲು ಏರೋಪ್ಲೇನ್ ಮೋಡ್‌ನಲ್ಲಿರಲಿ.

ಸಾಕ್ಷಿ ಯಾವುದಕ್ಕೆ ಸಾಕ್ಷಿ?

ರೆಕಾರ್ಡಿಂಗಿನ ಹಿನ್ನೆಲೆಯಲ್ಲಿ ನಿನ್ನೆಯ ರೇಡಿಯೊ ವಾರ್ತೆ ಕೇಳಿಸುತ್ತಿದೆ ಎಂದುಕೊಳ್ಳಿ. ಕೇಳುಗರು ಅದನ್ನು ನಿನ್ನೆಯದೆಂದು ನಂಬಿಬಿಡುತ್ತಾರೆ. ಆದರೆ ತರ್ಕ ಬೇರೆ ಹೇಳುತ್ತದೆ. ಆ ವಾರ್ತೆಯಿಂದ ಸಿದ್ಧವಾಗುವುದು ರೆಕಾರ್ಡಿಂಗ್ ನಿನ್ನೆಗಿಂತ ಹಿಂದಿನದಲ್ಲ ಎಂಬುದಷ್ಟೇ. ಇವತ್ತು ಬೆಳಿಗ್ಗೆ ಮಾಡಿದ್ದಲ್ಲ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಆ ಸಾಕ್ಷಿ ಬೇಕಾದರೆ ದನಿ ಮೊದಲೇ ಬೇರೆಯವರ ಕೈ ಸೇರಿರಬೇಕು.

ವಿಜ್ಞಾನಿಗಳಿಗೂ ಒಮ್ಮೆ ಇದೇ ಸಮಸ್ಯೆ ಇತ್ತು. ರಾಬರ್ಟ್ ಹುಕ್ 1676ರಲ್ಲಿ ತನ್ನ ಸ್ಪ್ರಿಂಗ್ ನಿಯಮವನ್ನು ಅಕ್ಷರಗಳ ಕಲಸುಮೇಲೋಗರವಾಗಿ ಪ್ರಕಟಿಸಿ, 1678ರಲ್ಲಿ ಬಿಡಿಸಿ ತೋರಿಸಿದ. ಗುಟ್ಟು ಉಳಿಯಿತು, ಮೊದಲೇ ತಿಳಿದಿತ್ತೆಂಬ ಸಾಕ್ಷಿಯೂ ಉಳಿಯಿತು. ಇಂದು ಕಂಪ್ಯೂಟರಿನಲ್ಲಿ ಆಡಿಯೊ ಫೈಲಿನ ಹ್ಯಾಶ್ ಎಂಬ ಅಂಕಿ-ಅಕ್ಷರಗಳ ಗುರುತನ್ನು ಮೊದಲೇ ಪ್ರಕಟಿಸಿ ಇದೇ ಕೆಲಸ ಮಾಡಬಹುದು. ಫೈಲಿನಲ್ಲಿ ಒಂದಿಷ್ಟು ಬದಲಾದರೂ ಗುರುತು ತಾಳೆಯಾಗದು. ಆದರೆ ಇಷ್ಟೆಲ್ಲ ಬಿಗಿ ಮಾಡಿದರೂ ಇಂಥ ಫೈಲುಗಳು ಒಟ್ಟು ಎಷ್ಟಿವೆ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಇಂಗ್ಲೆಂಡಿನ ಡೆರೆನ್ ಬ್ರೌನ್ 2009ರ ಸೆಪ್ಟೆಂಬರ್ 9ರಂದು ಚಾನೆಲ್ 4ರ ನೇರಪ್ರಸಾರದಲ್ಲಿ ರಾಷ್ಟ್ರೀಯ ಲಾಟರಿಯ ಆರು ಸಂಖ್ಯೆಗಳನ್ನು ಮೊದಲೇ ತಿಳಿದಂತೆ ತೋರಿಸಿದರು. ಅವರ ಸಂಖ್ಯೆಗಳಿದ್ದ ಚೆಂಡುಗಳು ಮೊದಲಿನಿಂದ ಪಕ್ಕದಲ್ಲೇ ಇದ್ದವು, ಆದರೆ ಬೆನ್ನು ತಿರುಗಿಸಿಕೊಂಡು. ಅವು ಮುಖ ತಿರುಗಿಸಿದ್ದು ಲಾಟರಿಯ ಫಲಿತಾಂಶ ಬಂದ ಮೇಲೆ. ನಡುವಿನ ಆ ಕೆಲವು ಕ್ಷಣಗಳಲ್ಲಿ ಏನಾಗಿರಬಹುದು ಎಂದು ದೇಶವೇ ಚರ್ಚಿಸಿತು. ಭವಿಷ್ಯವಾಣಿ ಘಟನೆಗೆ ಮುಂಚೆ ಇತ್ತೇ ಎಂದು ಕೇಳಿದರೆ ಸಾಲದು, ಘಟನೆಗೆ ಮುಂಚೆ ಅದನ್ನು ಓದಿದವರು, ಕೇಳಿದವರು ಇದ್ದರೇ ಎಂದು ಕೇಳಬೇಕು.

ಮರೆವೂ ಜಾದೂಗಾರನ ಕಡೆಗೇ ಇರುತ್ತದೆ. ಎಸ್. ಜೆ. ಡೇವಿ ಎಂಬ ಹವ್ಯಾಸಿ ಜಾದೂಗಾರ ಇಂಗ್ಲೆಂಡಿನಲ್ಲಿ ಪ್ರೇತಗಳು ಸ್ಲೇಟಿನ ಮೇಲೆ ಬರೆಯುವಂತೆ ತೋರುವ ಆಟಗಳನ್ನು ನಡೆಸಿ, ನೋಡಿದವರಿಂದ ವರದಿ ಬರೆಸಿಕೊಂಡ. 1887ರಲ್ಲಿ ಪ್ರಕಟವಾದ ಆ ವರದಿಗಳಲ್ಲಿ ಮುಖ್ಯ ಘಟನೆಗಳೇ ಬಿಟ್ಟುಹೋಗಿದ್ದವು, ಕ್ರಮ ಹಿಂದುಮುಂದಾಗಿತ್ತು. ಅವರು ಸುಳ್ಳು ಹೇಳಿರಲಿಲ್ಲ. ನೆನಪು ಕಥೆಯನ್ನು ನೇರಗೊಳಿಸಿತ್ತು. ನಿಮ್ಮ ಪ್ರೇಕ್ಷಕರೂ ನಾಳೆ ಲೆಕ್ಕವನ್ನು ಮರೆತು "ಅವರು ಯಾವುದೋ ಪದ ನೆನೆಸಿಕೊಂಡರು, ಹಿಂದಿನ ದಿನದ ರೆಕಾರ್ಡಿಂಗ್ ಅದನ್ನೇ ಹೇಳಿತು" ಎನ್ನುತ್ತಾರೆ. ಆಟದ ಕೊನೆಗೆ ನಡೆದದ್ದನ್ನು ಚುಟುಕಾಗಿ ಮತ್ತೆ ಹೇಳುವುದು ಮೆಂಟಲಿಸ್ಟರ ರೂಢಿ. ಈ ನೆನಪಿಗೆ ಆಕಾರ ಕೊಡುವುದೇ ಅದರ ಉದ್ದೇಶ.

ಆಟ ಎಲ್ಲಿ ನಿಲ್ಲಬೇಕು

ಇದೇ ವಿದ್ಯೆ ವೇದಿಕೆಯಿಂದ ಇಳಿದರೆ ವಂಚನೆಯಾಗುತ್ತದೆ. ಬ್ರೌನ್ ಅವರೇ 2008ರ 'ದ ಸಿಸ್ಟಂ' ಕಾರ್ಯಕ್ರಮದಲ್ಲಿ ಇದನ್ನು ತೋರಿಸಿಕೊಟ್ಟರು. ಒಬ್ಬ ಮಹಿಳೆಗೆ ಕುದುರೆ ಪಂದ್ಯದ ಐದು ಸೂಚನೆ ಬಂದವು, ಐದೂ ನಿಜವಾದವು. ವಾಸ್ತವದಲ್ಲಿ ಸೂಚನೆ ಹೋದದ್ದು 7,776 ಜನರಿಗೆ. ಆರು ಕುದುರೆಗೆ ಆರು ಗುಂಪು. ಗೆದ್ದ ಕುದುರೆಯ ಹೆಸರು ಸಿಕ್ಕಿದ್ದ 1,296 ಜನರನ್ನು ಮತ್ತೆ ಆರು ಗುಂಪು ಮಾಡಿ ಮುಂದಿನ ಸೂಚನೆ. ಆಮೇಲೆ 216, 36, 6, ಕೊನೆಗೆ ಒಬ್ಬರು. ನಾವು ಮೂರು ಪುಸ್ತಕಕ್ಕೆ ಮೂರು ದನಿ ಇಟ್ಟದ್ದೂ ಇದೇ ಲೆಕ್ಕ. ಷೇರು ಮಾರುಕಟ್ಟೆಯ ಸೂಚನೆಗಳನ್ನು ಧ್ವನಿಸಂದೇಶವಾಗಿ ಸಾವಿರಾರು ಮೊಬೈಲುಗಳಿಗೆ ಕಳುಹಿಸಬಲ್ಲ ಈ ಕಾಲದಲ್ಲಿ ಈ ಲೆಕ್ಕ ಪ್ರತಿ ಮನೆಯವರಿಗೂ ತಿಳಿದಿರಬೇಕು.

ಕರ್ನಾಟಕದಲ್ಲಿ ಈ ಎಚ್ಚರಕ್ಕೆ ಒಂದು ಪರಂಪರೆಯೇ ಇದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿ ರಚಿಸಿದರು. ಪವಾಡವೆಂದು ಹೇಳಿಕೊಳ್ಳುವವರು ಪರೀಕ್ಷೆಗೂ ಒಡ್ಡಿಕೊಳ್ಳಬೇಕು ಎಂಬ ಅವರ ನಿಲುವು ಮೆಂಟಲಿಸ್ಟನಿಗೂ ದಾರಿದೀಪ. ಗುಟ್ಟನ್ನು ಕಾಯಿರಿ, ಆದರೆ ಶಕ್ತಿಯಿದೆ ಎಂದು ಹೇಳಿಕೊಳ್ಳಬೇಡಿ. ಆಟ ಮುಗಿದ ಮೇಲೆ ಯಾರಾದರೂ ಬಂದು ಮಗಳ ಮದುವೆಯ ಬಗ್ಗೆ, ಕಳೆದುಹೋದ ಒಡವೆಯ ಬಗ್ಗೆ ಕೇಳಿದರೆ, ಇದು ಜಾದೂ, ನನಗೆ ಅಂಥದ್ದೇನೂ ತಿಳಿಯದು ಎಂದು ಸ್ಪಷ್ಟವಾಗಿ ಹೇಳಿ. ಇಷ್ಟು ಹೇಳುವ ಧೈರ್ಯ ಇಲ್ಲದವರು ಈ ಆಟ ಆಡಬಾರದು.

ಇಂದು ಕಂಪ್ಯೂಟರು ಯಾರ ದನಿಯನ್ನಾದರೂ ಅನುಕರಿಸಬಲ್ಲದು. ದನಿ ಕೇಳಿದೊಡನೆ ನಂಬುವ ಅಭ್ಯಾಸವನ್ನು ನಾವು ತಿದ್ದಿಕೊಳ್ಳಲೇಬೇಕಾಗಿದೆ. ಈ ಆಟವನ್ನು ಕೈಯಾರೆ ಕಟ್ಟಿ ಆಡಿಸಿದ ಹುಡುಗ ಹುಡುಗಿಯರು ಆ ಪಾಠವನ್ನು ಮರೆಯುವುದಿಲ್ಲ. ಭವಿಷ್ಯ ನುಡಿಯುವ ಯಾವುದೇ ದನಿ ಎದುರಾದರೂ ಅವರು ಮೂರು ಪ್ರಶ್ನೆ ಕೇಳಬಲ್ಲರು: ಇದು ಯಾರ ಕೈಯಲ್ಲಿತ್ತು? ಘಟನೆಗೆ ಮುಂಚೆ ಇದನ್ನು ಯಾರು ಕೇಳಿದ್ದರು? ಇಂಥವು ಇನ್ನೆಷ್ಟಿವೆ?